ರಿವರ್‌ನ ಕಷ್ಟ ಫ್ಲಾಪ್‌ನಲ್ಲೇ ಹುಟ್ಟುತ್ತದೆ

ಪೋಕರ್ ಆಡುವವರು ಹೇಳಿಕೊಳ್ಳುವ ಕಷ್ಟಗಳಲ್ಲಿ ಹೆಚ್ಚಿನವು ಕೊನೆಯ ಎಲೆಗೆ ಸಂಬಂಧಿಸಿದವು. ಐದನೆಯ ಎಲೆ ಬಿತ್ತು, ಎದುರಿನವನು ಇದ್ದಬದ್ದ ಚಿಪ್‌ಗಳನ್ನೆಲ್ಲ ಮುಂದೆ ತಳ್ಳಿದ, ನನ್ನ ಕೈಯಲ್ಲಿರುವುದು ಒಂದೇ ಒಂದು ಜೋಡಿ, ಈಗ ಕಾಲ್ ಮಾಡಬೇಕೋ (ಅಷ್ಟೇ ಚಿಪ್ ಇಟ್ಟು ನಿಲ್ಲಬೇಕೋ) ಬಿಡಬೇಕೋ? ಉತ್ತರಕ್ಕಾಗಿ ಜನ ಎದುರಿನವನ ಮುಖ ನೋಡುತ್ತಾರೆ, ಅವನ ಬೆರಳು ನಡುಗುತ್ತದೆಯೇ ಎಂದು ನೋಡುತ್ತಾರೆ, ಹೋದ ವಾರ ಇಂಥದ್ದೇ ಹೊತ್ತಿನಲ್ಲಿ ಅವನು ಏನು ತೋರಿಸಿದ್ದ ಎಂದು ನೆನಪು ಮಾಡಿಕೊಳ್ಳುತ್ತಾರೆ. ನನಗೆ ತೋರುವುದೇ ಬೇರೆ. ಎಷ್ಟೋ ಸಲ ಆ ಪ್ರಶ್ನೆಗೆ ಆ ಹೊತ್ತಿನಲ್ಲಿ ಒಳ್ಳೆಯ ಉತ್ತರವೇ ಇರುವುದಿಲ್ಲ. ಅದನ್ನು ಅಷ್ಟು ಕಷ್ಟದ್ದಾಗಿ ಮಾಡಿದ್ದು ಎರಡು ಎಲೆ ಹಿಂದೆ, ಪಾಟ್, ಅಂದರೆ ನಡುವೆ ಸೇರಿದ ಚಿಪ್‌ಗಳ ರಾಶಿ, ಇನ್ನೂ ಸಣ್ಣದಿದ್ದಾಗ, ಹೆಚ್ಚು ಯೋಚಿಸದೆ ಇಟ್ಟ ಬೆಟ್‌ನ ಅಳತೆ.

ನಮ್ಮದು ಮಂಗಳೂರಿನ ಮಳೆಗಾಲದ ಟೇಬಲ್. ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಕ್ಕೆಗೆ ಬಂದು ನಿಂತಿರುತ್ತವೆ. ಬೋಳಾರದಲ್ಲಿರುವ ನಮ್ಮ ಭಾವನಿಗೆ ಒಂದು ಟ್ರಾಲ್ ಬೋಟಿನಲ್ಲಿ ಪಾಲು ಉಂಟು. ಆ ಎರಡು ತಿಂಗಳು ಮಾತ್ರ ಅವರಿಗೆ ಸಂಜೆ ಹೊತ್ತು ಪುರುಸೊತ್ತು. ಹಾಗಾಗಿ ಅವರ ಮನೆಯ ಚಾವಡಿಯಲ್ಲೇ ಆಟ. ಅಕ್ಕನ ಮಗ ಬರುತ್ತಾನೆ, ಆಚೆಮನೆಯ ಇಬ್ಬರು ಬರುತ್ತಾರೆ, ಮಳೆ ಜೋರಾದರೆ ಯಾರೂ ಬೇಗ ಹೊರಡುವುದಿಲ್ಲ.

ಹಣ ಇಟ್ಟು ಆಡುವುದಿಲ್ಲ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಇಸ್ಪೀಟು ಎಂದ ಕೂಡಲೇ ಜನರಿಗೆ ನೆನಪಾಗುವುದು ಪತ್ರಿಕೆಯ ಮೂಲೆಯಲ್ಲಿ ಆಗಾಗ ಕಾಣುವ ಉಲಾಯಿ–ಪಿದಾಯಿ ಜುಗಾರಿಯ ದಾಳಿಯ ಸುದ್ದಿ. ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನಂತೂ, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಒಟ್ಟಾಗಿ ನಿಷೇಧಿಸಿದೆ. ನಮ್ಮಲ್ಲಿ ಇರುವುದು ಪ್ಲಾಸ್ಟಿಕ್ ಚಿಪ್, ಮತ್ತೆ ಒಂದು ನೋಟುಬುಕ್ಕು. ಪ್ರತಿ ಸಂಜೆಯ ಲೆಕ್ಕ ಅದರಲ್ಲಿ ಮುಂದುವರಿಯುತ್ತ ಜುಲೈ ಕೊನೆಯವರೆಗೆ ಹೋಗುತ್ತದೆ. ಇವತ್ತು ಕಳೆದುಕೊಂಡದ್ದು ನಾಳೆಯೂ ಕಳೆದುಕೊಂಡದ್ದೇ ಆದ್ದರಿಂದ, ದುಡ್ಡಿಲ್ಲದಿದ್ದರೂ ಯಾರೂ ಬೇಕಾಬಿಟ್ಟಿ ಆಡುವುದಿಲ್ಲ.

ಉಲಾಯಿ–ಪಿದಾಯಿಯ ಹೆಸರು ಬಂದದ್ದರಿಂದ ಒಂದು ಮಾತು. ಅಲ್ಲಿ ಎಲೆ ಒಳಗೆ ಬೀಳುತ್ತದೆ, ಇಲ್ಲವೇ ಹೊರಗೆ. ನೀವು ಹತ್ತು ಇಟ್ಟರೂ ಸಾವಿರ ಇಟ್ಟರೂ ಎಲೆ ಬೀಳುವ ಕಡೆ ಬದಲಾಗುವುದಿಲ್ಲ. ಪೋಕರ್‌ನಲ್ಲಿಯೂ ಎಲೆ ಬದಲಾಗುವುದಿಲ್ಲ, ಆದರೆ ಎದುರಿಗೆ ಕೂತವನ ನಡೆ ಬದಲಾಗುತ್ತದೆ. ನೀವು ಎಷ್ಟು ಇಟ್ಟಿರಿ ಎಂಬುದನ್ನು ನೋಡಿ ಅವನು ಬಿಡುತ್ತಾನೆ, ನಿಲ್ಲುತ್ತಾನೆ, ಏರಿಸುತ್ತಾನೆ. ಈ ಆಟದಲ್ಲಿ ಆಟಗಾರನ ಕೈಯಲ್ಲಿ ನಿಜವಾಗಿ ಇರುವುದು ಆ ಅಳತೆ ಒಂದೇ.

ಗೊತ್ತಿಲ್ಲದವರಿಗೆ ಎರಡು ಸಾಲು: ನಾವು ಆಡುವುದು ನೋ ಲಿಮಿಟ್ ಹೋಲ್ಡೆಮ್. ಒಬ್ಬೊಬ್ಬರಿಗೆ ಎರಡು ಮುಚ್ಚಿದ ಎಲೆ. ಆಮೇಲೆ ಎಲ್ಲರಿಗೂ ಸೇರಿದ ಮೂರು ಎಲೆ ತೆರೆಯುತ್ತದೆ, ಅದು ಫ್ಲಾಪ್. ನಾಲ್ಕನೆಯದು ಟರ್ನ್, ಐದನೆಯದು ರಿವರ್. ಪ್ರತಿ ಹಂತದಲ್ಲೂ ಬೆಟ್ ಇಡಬಹುದು, ಇರುವಷ್ಟನ್ನೂ ಇಡಬಹುದು.

ಅಕ್ಕನ ಮಗನ ಒಂದು ಕೈಯನ್ನು ಎಲೆ ಎಲೆಯಾಗಿ ಹೇಳುತ್ತೇನೆ. ಅವನ ಹತ್ತಿರ ಕಳಾವರ್ ಎಕ್ಕ, ಡೈಮನ್ ರಾಜ. ಉಳಿದವರೆಲ್ಲ ಬಿಟ್ಟು ಭಾವ ಒಬ್ಬರೇ ಎದುರಿಗೆ. ಫ್ಲಾಪ್ ತೆರೆಯುವ ಹೊತ್ತಿಗೆ ಪಾಟ್‌ನಲ್ಲಿ 100, ಇಬ್ಬರ ಮುಂದೆಯೂ 350. ಫ್ಲಾಪ್ ಹೀಗೆ ಬಿತ್ತು: ಇಸ್ಪೀಟ್ ರಾಜ, ಆಟೀನ್ ಒಂಬತ್ತು, ಆಟೀನ್ ಆರು. ಹುಡುಗನಿಗೆ ರಾಜನ ಜೋಡಿ, ಜತೆಗೆ ಎಕ್ಕ. ಅವನು 30 ಇಟ್ಟ. ಭಾವ ಕಾಲ್ ಮಾಡಿದರು, ಪಾಟ್ 160. ಟರ್ನ್‌ನಲ್ಲಿ ಕಳಾವರ್ ಎರಡು, ಯಾರಿಗೂ ಬೇಡದ ಎಲೆ. ಅವನು 60 ಇಟ್ಟ, ಭಾವ ಮತ್ತೆ ಕಾಲ್. ಪಾಟ್ 280, ಇಬ್ಬರಲ್ಲೂ ಉಳಿದದ್ದು 260. ರಿವರ್‌ನಲ್ಲಿ ಆಟೀನ್ ರಾಣಿ. ಹುಡುಗ ಚೆಕ್ ಅಂದ, ಅಂದರೆ ಏನೂ ಇಡಲಿಲ್ಲ. ಭಾವ 260ನ್ನೂ ಮುಂದೆ ಇಟ್ಟರು.

ಅವನು ತುಂಬ ಹೊತ್ತು ಕೂತ. ಚಿಪ್‌ಗಳನ್ನು ಎರಡು ಸಾಲು ಮಾಡಿದ, ಮತ್ತೆ ಒಂದು ಸಾಲು ಮಾಡಿದ. ಒಮ್ಮೆ ನನ್ನ ಕಡೆ ನೋಡಿದ. ಆಟದ ನಡುವೆ ಹೊರಗಿನವರು ಬಾಯಿ ಹಾಕುವಂತಿಲ್ಲ, ಇದು ಪೋಕರ್‌ನಲ್ಲಿ ಎಲ್ಲ ಕಡೆ ನಡೆಯುವ ನಿಯಮ, ನಮ್ಮ ಚಾವಡಿಯಲ್ಲೂ ಅದೇ. “ಇಷ್ಟು ಹಾಕಿದ ಮೇಲೆ ಬಿಡ್ಲಿಕ್ಕೆ ಆಗ್ತದಾ ಮಾರಾಯ” ಎಂದು ತನ್ನಷ್ಟಕ್ಕೇ ಹೇಳಿಕೊಂಡ. ಕೊನೆಗೆ ಬಿಟ್ಟ. ಭಾವ ತಮ್ಮ ಎರಡು ಎಲೆಗಳನ್ನು ಮುಚ್ಚಿಯೇ ಕಟ್ಟಿನೊಳಗೆ ಸೇರಿಸಿಬಿಟ್ಟರು. ತೋರಿಸಬೇಕೆಂದು ನಿಯಮವಿಲ್ಲ. ಅವರಲ್ಲಿ ಏನಿತ್ತು ಎಂದು ಇಂದಿಗೂ ಅವನಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಆಮೇಲೆ ಅವನು ಕೇಳಿದ್ದು: “ಮಾಮ, ರಿವರ್‌ನಲ್ಲಿ ನಾನು ಎಂತ ಮಾಡಬೇಕಿತ್ತು?”

ಲೆಕ್ಕ ಹೇಳುವುದಾದರೆ ಹೇಳಬಹುದು. 260 ಕೊಟ್ಟರೆ 540 ಸಿಗುವ ಸಂದರ್ಭ. ಒಟ್ಟು ಪಾಟ್ 800 ಆಗುತ್ತದೆ, ಅದರಲ್ಲಿ ಅವನ ಪಾಲು 32.5 ಶೇಕಡಾ. ಅಂದರೆ ಸುಮಾರು ಮೂರರಲ್ಲಿ ಒಂದು ಸಲ ತನ್ನ ಜೋಡಿಯೇ ಗೆಲ್ಲುತ್ತದೆ ಎಂಬ ನಂಬಿಕೆ ಇದ್ದರೆ ಕಾಲ್ ಸರಿ. ಭಾವನಂಥ ಆಟಗಾರರ ಎದುರು ಆ ಮೂರನೇ ಒಂದು ಉಂಟೋ ಇಲ್ಲವೋ? ಯಾರಿಗೂ ಖಚಿತವಾಗಿ ಹೇಳಲಿಕ್ಕಾಗದು. ಅದಕ್ಕೇ ಅದು ಕಷ್ಟದ ಪ್ರಶ್ನೆ. ನನ್ನ ಪ್ರಕಾರ ಕೇಳಬೇಕಾಗಿದ್ದುದು ಆ 30ರ ಬಗ್ಗೆ.

ಆ 30 ಏನು ಮಾಡಿತು ನೋಡಿ. ಎದುರಿನವರಲ್ಲಿ ಎರಡು ಆಟೀನ್ ಇದ್ದವು ಎಂದಿಟ್ಟುಕೊಳ್ಳೋಣ. ಅವರಿಗೆ ಕಾಣದ ಎಲೆಗಳು 47, ಅದರಲ್ಲಿ ಆಟೀನ್ 9. ಮುಂದಿನ ಎಲೆಯಲ್ಲೇ ಫ್ಲಶ್ (ಒಂದೇ ಗುರುತಿನ ಐದು ಎಲೆ, ಜೋಡಿಗಿಂತ ದೊಡ್ಡದು) ಆಗುವ ಸಂಭವ 19.1 ಶೇಕಡಾ. 30 ಕೊಟ್ಟು 130ಕ್ಕೆ ಆಡುವವರಿಗೆ ಬೇಕಾದದ್ದು 18.75 ಶೇಕಡಾ. ಮುಂದೆ ಗೆಲ್ಲಬಹುದಾದ ಚಿಪ್‌ಗಳನ್ನು ಲೆಕ್ಕಕ್ಕೇ ಹಿಡಿಯದೆ ಅವರ ಕಾಲ್ ಸರಿ ಹೋಯಿತು. ಎದುರಿನವರು ತಪ್ಪು ಮಾಡಬೇಕಾದ ಜಾಗದಲ್ಲಿ ಅವರಿಗೆ ತಪ್ಪು ಮಾಡಲು ಅವಕಾಶವೇ ಸಿಗಲಿಲ್ಲ. ಇನ್ನೊಂದು ಕಡೆ ಪಾಟ್ ಮೆಲ್ಲ ಬೆಳೆದದ್ದರಿಂದ ರಿವರ್‌ಗೆ ಬರುವಾಗ 280ರ ಪಾಟ್‌ಗೆ 260 ಉಳಿದಿತ್ತು. ಹತ್ತಿರ ಹತ್ತಿರ ಪಾಟ್‌ನಷ್ಟೇ ದೊಡ್ಡ ಬೆಟ್, ಅದೂ ಎಲ್ಲ ಎಲೆ ಬಿದ್ದು ಮುಗಿದ ಮೇಲೆ, ಒಂದು ಜೋಡಿ ಹಿಡಿದವನ ಎದುರು. ಆ ಬಾಣವನ್ನು ಎದುರಿನವರ ಬತ್ತಳಿಕೆಯಲ್ಲಿ ಉಳಿಸಿಕೊಟ್ಟದ್ದು ಫ್ಲಾಪ್‌ನ ಅಳತೆಯೇ.

ಅದೇ 350ನ್ನು ಹಿಂದಿನಿಂದ ಲೆಕ್ಕ ಹಾಕಿ ನೋಡಿದರೆ ಬೇರೆ ದಾರಿ ಕಾಣುತ್ತದೆ. ಅರ್ಧ ಪಾಟ್ ಬೆಟ್ ಇಟ್ಟು ಒಬ್ಬ ಕಾಲ್ ಮಾಡಿದರೆ ಪಾಟ್ ಎರಡು ಪಟ್ಟಾಗುತ್ತದೆ. ಪೂರ್ತಿ ಪಾಟ್ ಇಟ್ಟರೆ ಮೂರು ಪಟ್ಟು. ಇಷ್ಟು ನೆನಪಿದ್ದರೆ ಸಾಕು, ವರ್ಗಮೂಲ ಘನಮೂಲ ಬೇಡ. 100ರ ಪಾಟ್‌ಗೆ 50, ಆಗ 200. ಅದಕ್ಕೆ 100, ಆಗ 400. ಅದಕ್ಕೆ 200, ಆಗ 800. ಐವತ್ತು, ನೂರು, ಇನ್ನೂರು, ಕೂಡಿಸಿದರೆ ಸರಿಯಾಗಿ 350. ಮುಂದೆ 1,300 ಇದ್ದರೆ ಪೂರ್ತಿ ಪಾಟ್‌ನ ಮೂರು ಬೆಟ್: 100, 300, 900. ನಡುವೆ ಸುಮಾರು 730 ಇದ್ದರೆ ಮೂರು ಸಲವೂ ಮುಕ್ಕಾಲು ಪಾಟ್. ಫ್ಲಾಪ್ ದಾಟಿ ಎರಡೇ ಬೆಟ್‌ಗೆ ಜಾಗ ಇರುವಾಗ ಪಾಟ್‌ನ ಒಂದೂವರೆ ಪಟ್ಟು ಉಳಿದಿದ್ದರೆ ಅರ್ಧ ಅರ್ಧ, ನಾಲ್ಕು ಪಟ್ಟು ಉಳಿದಿದ್ದರೆ ಪೂರ್ತಿ ಪೂರ್ತಿ. ಟೇಬಲ್‌ನಲ್ಲಿ ಕೂತು ಬಾಯಿಲೆಕ್ಕದಲ್ಲಿ ಮಾಡುವಂಥದ್ದು ಇದು. ಈ ನಾಲ್ಕೈದು ಅಂಕಿ ಬಾಯಿಗೆ ಬಂದರೆ ಆಟದ ರೂಪವೇ ಬದಲಾಗಿ ಕಾಣುತ್ತದೆ, ಇದನ್ನು ನಾನು ಯಾರಿಗೆ ಬೇಕಾದರೂ ಧೈರ್ಯವಾಗಿ ಹೇಳುತ್ತೇನೆ.

ಹುಡುಗನಿಗೆ ಆಶ್ಚರ್ಯವಾದದ್ದು ಯಾವ ದಾರಿಯಲ್ಲಿ ಹೋದರೂ ಕೊನೆಯ ಪಾಟ್ 800 ಎಂಬುದು. ಹೌದು, 100 ಮತ್ತು ಇಬ್ಬರ 350. ಹೋಗಿ ಸೇರುವ ಊರು ಒಂದೇ. ಯಾವ ತಿರುವಿನಲ್ಲಿ ಯಾರು ನಿಂತು ಯೋಚಿಸಬೇಕು ಎನ್ನುವುದಷ್ಟೇ ಬೇರೆ. 50–100–200ರ ದಾರಿಯಲ್ಲೂ ರಿವರ್‌ನಲ್ಲಿ ಆಟೀನ್ ರಾಣಿ ಬಿದ್ದರೆ ಸುಖವೇನಿಲ್ಲ. ಆದರೆ ಆಗ 400ರ ಪಾಟ್‌ಗೆ ಉಳಿದಿರುವುದು 200. ಭಾವ ಅದನ್ನು ಮುಂದಿಟ್ಟರೆ ಹುಡುಗನಿಗೆ ಬೇಕಾದದ್ದು ನಾಲ್ಕರಲ್ಲಿ ಒಂದು. ಅಲ್ಲಿಗೆ ಬರುವುದಕ್ಕೆ ಭಾವನೂ 30 ಮತ್ತು 60ರ ಬದಲು 50 ಮತ್ತು 100 ತೆತ್ತಿರುತ್ತಾರೆ, ಎರಡು ಸಲವೂ 25 ಶೇಕಡಾದ ದರದಲ್ಲಿ, 19 ಶೇಕಡಾದ ಎಲೆಗೆ. ಎರಡು ಆಟೀನ್ ಬಿದ್ದ ಇಂಥ ಫ್ಲಾಪ್‌ನಲ್ಲಿ ನನಗೆ ಇನ್ನೂ ಇಷ್ಟ ಎರಡೇ ಬೆಟ್‌ನಲ್ಲಿ ಮುಗಿಸುವುದು: ಫ್ಲಾಪ್‌ನಲ್ಲಿ 100, ಟರ್ನ್‌ನಲ್ಲಿ ಉಳಿದ 250. ರಿವರ್‌ಗೆ ನಿರ್ಧಾರವೇ ಉಳಿಯುವುದಿಲ್ಲ. ಫ್ಲಶ್‌ಗೆ ಕಾಯುವವರು ಟರ್ನ್‌ನಲ್ಲಿ 31 ಶೇಕಡಾ ಬೇಕಾದಲ್ಲಿ 20ಕ್ಕಿಂತ ಕಡಿಮೆ ಹಿಡಿದುಕೊಂಡು ಕೂತಿರುತ್ತಾರೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ರಾಜ–ಗುಲಾಮ ಹಿಡಿದವರು 50–100ಕ್ಕೆ ನಿಲ್ಲುತ್ತಿದ್ದರು, 250ಕ್ಕೆ ಬಿಟ್ಟು ಎದ್ದಾರು.

ಎಲ್ಲಕ್ಕಿಂತ ಕೆಟ್ಟದ್ದು ನಡುವೆ ಎಲ್ಲೋ ಸಿಕ್ಕಿಬೀಳುವುದು. ಫ್ಲಾಪ್‌ನಲ್ಲಿ 100, ಟರ್ನ್‌ನಲ್ಲಿ 150, ಆಮೇಲೆ 600ರ ಪಾಟ್‌ಗೆ ಕೈಯಲ್ಲಿ 100. ಆ 100ಕ್ಕೆ ಹೆದರಿ ಯಾರೂ ಬಿಡುವುದಿಲ್ಲ. ಎದುರಿನವನು ಇಟ್ಟರೆ ನಿಮಗೂ ಬಿಡಲಾಗುವುದಿಲ್ಲ.

ಭಾವ ಇದನ್ನೆಲ್ಲ ಕೇಳುತ್ತ ಕೂತಿದ್ದರು. ಅವರಿಗೆ ಶೇಕಡಾವಾರು ಹಿಡಿಸುವುದಿಲ್ಲ. ಅವರು ಹೇಳಿದ್ದು ಇಷ್ಟೇ: “ಬೋಟಿಗೆ ಐಸ್ ತುಂಬುವುದು ದಕ್ಕೆಯಲ್ಲಿ. ಎಂಟು ದಿನಕ್ಕೆ ಹೋಗುವುದೋ ಹತ್ತು ದಿನಕ್ಕೋ ಅಂತ ಅಲ್ಲೇ ಗೊತ್ತಿರಬೇಕು. ಆರು ದಿನದ ಐಸ್ ಹಾಕಿಕೊಂಡು ಹೋಗಿ, ಒಂಬತ್ತನೇ ದಿನ ಒಳ್ಳೆ ಬಲೆ ಬಿತ್ತು ಅಂದ್ರೆ ಆ ಮೀನನ್ನು ಎಂತ ಮಾಡುವುದು?” ನಾನು ಹೇಳಿದ್ದಕ್ಕಿಂತ ಅದು ಹುಡುಗನಿಗೆ ಬೇಗ ತಲೆಗೆ ಹೋಯಿತು ಎಂದು ಕಾಣುತ್ತದೆ.

ನಮ್ಮೂರಿನ ಬಯಲಾಟದಲ್ಲಿ ಧರ್ಮರಾಯನ ದ್ಯೂತ ನೋಡಿದವರಿಗೆ ಈ ಮಾತು ಹೊಸದಾಗಿ ಕೇಳಬೇಕಾಗಿಲ್ಲ. ಜನ ಸಾಮಾನ್ಯವಾಗಿ ಶಕುನಿಯ ದಾಳದ ಬಗ್ಗೆಯೇ ಮಾತಾಡುತ್ತಾರೆ. ನನ್ನನ್ನು ಹೆಚ್ಚು ಕಾಡುವುದು ಪಣದ ಕ್ರಮ. ಸಂಪತ್ತು ಹೋಯಿತು, ರಾಜ್ಯ ಹೋಯಿತು. ಆಮೇಲೆ ನಕುಲ, ಸಹದೇವ, ಅರ್ಜುನ, ಭೀಮ, ಕೊನೆಗೆ ತಾನು, ಅದಾದ ಮೇಲೆ ದ್ರೌಪದಿ. ಕೂರುವಾಗ ಇದು ಯಾವುದೂ ಅವನ ಮನಸ್ಸಿನಲ್ಲಿ ಇರಲಿಲ್ಲ. ಪ್ರತಿ ಸೋಲಿನ ನಂತರ ‘ಇನ್ನೇನು ಉಳಿದಿದೆ?’ ಎಂಬ ಪ್ರಶ್ನೆ ಬರುತ್ತದೆ, ಆ ಪ್ರಶ್ನೆಗೆ ಉತ್ತರವಾಗಿ ಮುಂದಿನ ಪಣ ಬರುತ್ತದೆ. ಪಣದ ಅಳತೆಯನ್ನು ನಿಶ್ಚಯಿಸಿದ್ದು ಹಿಂದಿನ ಸೋಲು ಮತ್ತು ಎದುರಾಳಿಯ ಮಾತು, ಅವನಲ್ಲ. “ಇಷ್ಟು ಹಾಕಿದ ಮೇಲೆ ಬಿಡ್ಲಿಕ್ಕೆ ಆಗ್ತದಾ” ಎಂಬ ಮಾತು ಹುಟ್ಟುವುದು ಅಂಥಲ್ಲೇ. ಹಾಕಿದ್ದು ಪಾಟ್‌ಗೆ ಸೇರಿತು, ಅದು ಈಗ ಯಾರದೂ ಅಲ್ಲ. ಮುಂದಿನ 260ಕ್ಕೆ ಏನು ಸಿಗುತ್ತದೆ ಎಂಬುದು ಮಾತ್ರ ಲೆಕ್ಕ. ಇದು ಎಲ್ಲರಿಗೂ ಗೊತ್ತು, ಆದರೂ ರಾತ್ರಿ ಹತ್ತು ಗಂಟೆಗೆ ದೊಡ್ಡ ಪಾಟ್‌ನ ಎದುರು ಕೂತಾಗ ತಲೆ ಆ ಕಡೆ ಓಡುವುದಿಲ್ಲ. ಅದಕ್ಕೇ ಯೋಚನೆಯನ್ನು ಪಾಟ್ 100 ಇರುವಾಗಲೇ ಮಾಡಿ ಮುಗಿಸಬೇಕು.

ನಾನು ಬೆಟ್ ಇಡುವ ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದರ ಮೇಲೆ ಅವರು ಆಲ್-ಇನ್ ಹಾಕಿದರೆ, ಅಂದರೆ ಇರುವುದನ್ನೆಲ್ಲ ಇಟ್ಟರೆ, ನನ್ನ ಉತ್ತರವೇನು? ಅದೇ ಫ್ಲಾಪ್‌ನಲ್ಲಿ ನನಗೆ ಒಂಬತ್ತರ ಜೋಡಿ ಮಾತ್ರ ಆಗಿದೆ ಎನ್ನಿ. 100 ಇಟ್ಟು, ಎದುರಿನವರು 350 ಹಾಕಿದರೆ, ಇನ್ನು 250 ಕೊಟ್ಟರೆ 800ರ ಪಾಟ್. 31 ಶೇಕಡಾ ಸಾಕು. ಬಿಡಲೂ ಮನಸ್ಸಿಲ್ಲ, ಹಿಡಿಯಲೂ ಧೈರ್ಯವಿಲ್ಲ. 33 ಮಾತ್ರ ಇಟ್ಟಿದ್ದರೆ ಇನ್ನು 317 ಕೊಡಬೇಕು, ಬೇಕಾದದ್ದು 40 ಶೇಕಡಾದ ಹತ್ತಿರ. ನಗುತ್ತ ಬಿಡಬಹುದು. ರಾಜನ ಜೋಡಿಗೆ ತಪ್ಪಾಗಿದ್ದ ಸಣ್ಣ ಬೆಟ್ ಒಂಬತ್ತರ ಜೋಡಿಗೆ ಸರಿ. ಸಣ್ಣದು ದೊಡ್ಡದು ಎನ್ನುವುದರಲ್ಲಿ ಒಳ್ಳೆಯದು ಕೆಟ್ಟದ್ದು ಇಲ್ಲ. ಮುಂದಿನ ಹೆಜ್ಜೆಗೆ ಹೊಂದುತ್ತದೆಯೇ ಎಂಬುದೇ ಮುಖ್ಯ.

ನಿಜ ಹೇಳಬೇಕೆಂದರೆ ಫ್ಲಾಪ್ ಕೂಡ ತಡವೇ. ಐದು–ಹತ್ತರ ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಇಡುವ ಚಿಪ್; ಹತ್ತು ಇಡುವವರು ಬಿಗ್ ಬ್ಲೈಂಡ್), ಒಬ್ಬೊಬ್ಬರ ಮುಂದೆ 1,000 ಎಂದುಕೊಳ್ಳಿ. 30ಕ್ಕೆ ಏರಿಸಿ ಬಿಗ್ ಬ್ಲೈಂಡ್‌ನವರು ಕಾಲ್ ಮಾಡಿದರೆ ಪಾಟ್ 65, ಉಳಿದದ್ದು 970, ಅಂದರೆ ಪಾಟ್‌ನ ಸುಮಾರು 15 ಪಟ್ಟು. ಅದೇ 30ರ ಮೇಲೆ ಇನ್ನೊಬ್ಬರು 100ಕ್ಕೆ ಏರಿಸಿ ಮೊದಲಿನವರು ಕಾಲ್ ಮಾಡಿದರೆ, ಬ್ಲೈಂಡ್ ಸೇರಿ ಪಾಟ್ 215, ಉಳಿದದ್ದು 900, ಬರೀ 4 ಪಟ್ಟು. ಎಕ್ಕ–ರಾಜನಿಂದ ಸಿಗುವ ಒಂದು ಜೋಡಿಗೆ 4 ಪಟ್ಟು ಹಿತ. 15 ಪಟ್ಟಿನಲ್ಲಿ ಅದೇ ಜೋಡಿ ಭಾರವಾಗುತ್ತದೆ, ಯಾಕೆಂದರೆ ಪೂರ್ತಿ 970 ಒಳಗೆ ಹೋಗುವ ಹೊತ್ತಿಗೆ ಎದುರಿನವರಲ್ಲಿ ಜೋಡಿಗಿಂತ ದೊಡ್ಡದು ಇರುವುದೇ ಹೆಚ್ಚು. ಸಣ್ಣ ಜೋಡಿ ಹಿಡಿದು ಮೂರನೆಯದಕ್ಕೆ ಕಾಯುವವರಿಗೆ ತದ್ವಿರುದ್ಧ. ಫ್ಲಾಪ್‌ನಲ್ಲಿ ಅವರಿಗೆ ಆ ಎಲೆ ಸಿಗುವುದು ಎಂಟೂವರೆಗೆ ಒಂದು ಸಲ, ಸಿಕ್ಕಾಗ ಗೆಲ್ಲಲು ಎದುರಿಗೆ ದೊಡ್ಡ ರಾಶಿ ಬೇಕು.

ಇದನ್ನೇ ಅತಿಗೆ ಒಯ್ಯುವವರನ್ನೂ ನೋಡಿದ್ದೇನೆ. ಕಷ್ಟದ ನಿರ್ಧಾರವೇ ಬೇಡ ಎಂದು ಮೊದಲಿಗೇ 1,000ವನ್ನೂ ತಳ್ಳಿಬಿಡುವುದು. ಹೌದು, ಮತ್ತೆ ಯೋಚಿಸಲಿಕ್ಕೆ ಏನೂ ಇಲ್ಲ. ಆದರೆ 15ರ ಬ್ಲೈಂಡ್‌ಗಾಗಿ 1,000 ಒಡ್ಡಿದಾಗ ಕೆಟ್ಟ ಎಲೆಯವರೆಲ್ಲ ಬಿಟ್ಟು, ನಿಮ್ಮನ್ನು ಸೋಲಿಸುವ ಎಲೆ ಇದ್ದವರು ಮಾತ್ರ ನಿಲ್ಲುತ್ತಾರೆ. ಸುಲಭವಾಯಿತು ಎಂಬುದೇ ಲಾಭವಲ್ಲ. ಹಾಗೆಯೇ ಪ್ಲಾನ್ ಎಂದರೆ ಎಲ್ಲವನ್ನೂ ಒಳಗೆ ಹಾಕುವ ಪ್ಲಾನ್ ಎಂದೂ ಅಲ್ಲ. ಭಾವನಂಥ ಗಟ್ಟಿ ಆಟಗಾರರ ಎದುರು ಎಕ್ಕ–ರಾಜಕ್ಕೆ ಫ್ಲಾಪ್‌ನಲ್ಲಿ 50 ಇಟ್ಟು ಟರ್ನ್‌ನಲ್ಲಿ ಚೆಕ್ ಮಾಡುವುದೂ ಒಂದು ಪ್ಲಾನ್: ಈ ಕೈಗೆ ಎರಡೇ ಬೆಟ್‌ನ ಯೋಗ್ಯತೆ ಎಂದು ಮೊದಲೇ ತೀರ್ಮಾನಿಸಿ, ಅದರಷ್ಟೇ ಪಾಟ್ ಬೆಳೆಸುವುದು. ಯಾವ ಎಲೆ ಬಿದ್ದರೆ ನಿಲ್ಲಿಸುತ್ತೇನೆ ಎಂಬುದೂ ಪ್ಲಾನ್‌ನ ಒಳಗೇ ಬರಬೇಕು. ಆಟೀನ್ ಬಿದ್ದರೆ ನಿಧಾನ, ಏಳು–ಎಂಟು ಹಿಡಿದವರಿಗೆ ಸಾಲು (ಒಂದರ ಹಿಂದೆ ಒಂದು ಬರುವ ಐದು ಎಲೆ) ಮುಗಿಸಿಕೊಡುವ ಐದು ಅಥವಾ ಹತ್ತು ಬಿದ್ದರೆ ನಿಧಾನ, ಎರಡರ ಅಥವಾ ಮೂರರ ಎಲೆ ಬಿದ್ದರೆ ಹೇಳಿದ ಹಾಗೆ ಮುಂದೆ. ಎಲೆ ತೆರೆಯುವ ಮೊದಲೇ ಇಷ್ಟು ಹೇಳಿಕೊಂಡವನಿಗೆ ಎಲೆ ತೆರೆದಾಗ ಗಾಬರಿ ಕಡಿಮೆ.

ಅರ್ಧ ಪಾಟ್ ಎಂಬುದೂ ಶಾಸನವಲ್ಲ. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿಪರರ ಎದುರು 1,20,000 ಕೈ ಆಡಿ ಸೋಲಿಸಿತು. ಪಾಟ್‌ಗಿಂತ ಎಷ್ಟೋ ಪಟ್ಟು ದೊಡ್ಡ ಬೆಟ್‌ಗಳನ್ನು ಅದು ಸರಾಗವಾಗಿ ಇಡುತ್ತಿತ್ತು. ಅಂಥ ಬೆಟ್ ಎದುರಿಗೆ ಬಂದಾಗ ಕಷ್ಟದ ಪ್ರಶ್ನೆಯನ್ನು ಬಿಡಿಸಬೇಕಾಗಿದ್ದುದು ಮನುಷ್ಯರು.

ಹುಡುಗ ಕೊನೆಗೆ ಕೇಳಿದ ಪ್ರಶ್ನೆ ಚೆನ್ನಾಗಿತ್ತು. “ಅಲ್ಲ ಮಾಮ, ನಾನು ಯಾವಾಗಲೂ ಒಳ್ಳೆ ಕೈಗೆ 50, 100, 200 ಅಂತ ಇಟ್ಟರೆ ಭಾವನಿಗೆ ಗೊತ್ತಾಗುವುದಿಲ್ಲವಾ?” ಗೊತ್ತಾಗುತ್ತದೆ. ನೋಟುಬುಕ್ಕಿನಲ್ಲಿ ಬರೆಯದಿದ್ದರೂ ಅವರಿಗೆ ನೆನಪಿರುತ್ತದೆ. ಹಾಗಾಗಿ ಇದೇ ಮೂರು ಬೆಟ್‌ನ ದಾರಿಯಲ್ಲಿ ಬರೀ ರಾಜ–ಎಕ್ಕ ನಡೆದರೆ ಸಾಲದು. ಇನ್ನೂ ಆಗದ ಫ್ಲಶ್, ಇನ್ನೂ ಆಗದ ಸಾಲು, ಅವೂ ಅದೇ 50, ಅದೇ 100 ಇಡುತ್ತ ಬರಬೇಕು. ರಿವರ್‌ನಲ್ಲಿ 400ಕ್ಕೆ 200 ಇಡುವಾಗ ನಾಲ್ಕರಲ್ಲಿ ಒಂದು ಬ್ಲಫ್ (ಗೆಲ್ಲುವ ಎಲೆ ಇಲ್ಲದೆ ಇಟ್ಟ ಬೆಟ್) ಆಗಿದ್ದರೆ ಎದುರಿನವರಿಗೆ ಕಾಲ್ ಮಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಪೂರ್ತಿ ಪಾಟ್ ಇಡುವುದಾದರೆ ಮೂರರಲ್ಲಿ ಒಂದು. ಆ ಒಂದಕ್ಕೆ ಯಾವ ಎಲೆ ಆರಿಸುವುದು ಎಂಬುದರಲ್ಲೂ ಸೂಕ್ಷ್ಮ ಉಂಟು. ಕೊನೆಗೆ ಆಟೀನ್ ಬೀಳದೆ ಹೋದರೆ, ಎರಡು ಆಟೀನ್ ಹಿಡಿದು ಕೂತ ನಾನು ಬ್ಲಫ್ ಮಾಡುವುದು ಅಷ್ಟು ಒಳ್ಳೆಯದಲ್ಲ. ಫ್ಲಶ್ ಆಗದೆ ಬಿಟ್ಟುಬಿಡಬೇಕಾದವರ ಎಲೆಗಳು ನನ್ನ ಕೈಯಲ್ಲೇ ಇರುತ್ತವೆ, ಹಾಗಾಗಿ ಎದುರಿಗೆ ಉಳಿದಿರುವುದು ಬಿಡದ ಕೈಗಳೇ ಹೆಚ್ಚು. ಕಳಾವರ್ ಎಂಟು, ಇಸ್ಪೀಟ್ ಏಳು ಹಿಡಿದು ಸಾಲಿಗೆ ಕಾದು ಸಿಗದವನು ಆ 200 ಇಡುವುದು ಅದಕ್ಕಿಂತ ಮೇಲು.